ಕಪಾಟಿನ ಮುಂದೆ ಒಬ್ಬರೇ ನಿಲ್ಲಿ

ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದದ್ದೇ ತಡ, ಇದು ಶುರುವಾಗುತ್ತದೆ. ಅಮ್ಮನೋ ಅಪ್ಪನೋ ಮಗನ ರಟ್ಟೆ ಹಿಡಿದು ತಂದು ಗ್ರಂಥಾಲಯದ ಬಾಗಿಲಲ್ಲಿ ನಿಲ್ಲಿಸಿ, "ಬೇಸಿಗೆಗೆ ಓದೋ ಬಳಗ ಮಾಡಿದೀರಂತಲ್ಲ ಸಾರ್, ಇವನನ್ನೂ ಸೇರಿಸ್ಕೊಳ್ಳಿ, ಮೊಬೈಲಾದ್ರೂ ಬಿಡ್ತಾನೇನೋ" ಅನ್ನುತ್ತಾರೆ. ಹುಡುಗ ಸೀಲಿಂಗ್ ಫ್ಯಾನ್ ನೋಡುತ್ತಿರುತ್ತಾನೆ. ತಾಲ್ಲೂಕು ಊರೊಂದರ ಶಾಖಾ ಗ್ರಂಥಾಲಯದ ಮೇಜಿನ ಹಿಂದೆ ಮೂವತ್ತೊಂದು ವರ್ಷ ಕೂತವನು ನಾನು. ಆ ಮುಖವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಿವೃತ್ತಿಯಾಗಿದ್ದರೂ ಬೇಸಿಗೆ ಬಂದರೆ ಹೋಗಿ ಕೂರುತ್ತೇನೆ. ಈ ಮಾತು ಅಮ್ಮಂದಿರಿಗಲ್ಲ, ಫ್ಯಾನ್ ನೋಡುವವರಿಗೆ.

ಒಳಗೆ ಬಂದ ಮೇಲೆ ನೀವು ಮಾಡಬೇಕಾದ ಮೊದಲ ಕೆಲಸ, ಕರೆದುಕೊಂಡು ಬಂದವರನ್ನು ಪತ್ರಿಕೆಗಳ ಮೇಜಿನ ಹತ್ತಿರ ಕೂರಿಸುವುದು. ಅವರು ಜೊತೆಗಿದ್ದರೆ ಪುಸ್ತಕ ಅವರೇ ಆರಿಸುತ್ತಾರೆ. "ಇದು ತಗೋ, ಜನರಲ್ ನಾಲೆಡ್ಜು, ಮುಂದೆ ಉಪಯೋಗಕ್ಕೆ ಬರುತ್ತೆ" ಅನ್ನುತ್ತಾರೆ. ತಪ್ಪೇನಿಲ್ಲ, ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಒಂದು ಕ್ಷಣ ಯೋಚಿಸಿ. ಪಠ್ಯಪುಸ್ತಕ ಯಾವುದೋ ಸಮಿತಿ ಆರಿಸಿದ್ದು. ಗೈಡು ಟ್ಯೂಷನ್ ಮೇಷ್ಟರು ಹೇಳಿದ್ದು. ರಾತ್ರಿ ಹಾಸಿಗೆಯಲ್ಲಿ ನೋಡುವ ರೀಲ್ಸ್ ಕೂಡ ನೀವು ಆರಿಸಿದ್ದಲ್ಲ, ಒಂದು ಮುಗಿಯುತ್ತಿದ್ದಂತೆ ಇನ್ನೊಂದನ್ನು ಫೋನೇ ಮುಂದೆ ತಂದು ಇಡುತ್ತದೆ. ಹದಿನಾಲ್ಕು ವರ್ಷದ ಬಾಳಿನಲ್ಲಿ ನಿಮಗೆ ನೀವೇ ಏನನ್ನಾದರೂ ಆರಿಸಿಕೊಂಡದ್ದು ಎಷ್ಟು ಸಲ? ಸಾವಿರಾರು ಪುಸ್ತಕ ಮುಂದಿಟ್ಟು, ತಪ್ಪು ಆರಿಸಿದರೆ ನಾಳೆ ವಾಪಸ್ ತಾ ಎಂದು ಸುಮ್ಮನಿರುವ ಜಾಗ ಊರಲ್ಲಿ ಇದೊಂದೇ.

ನನ್ನ ಕಾಲದಲ್ಲಿ ಆ ಭಾಗ್ಯವಿರಲಿಲ್ಲ. ನಾನು ಓದಿದ ಶಾಲೆಯಲ್ಲಿ ಪುಸ್ತಕಗಳು ಗಾಜಿನ ಬೀರುವಿನೊಳಗೆ, ಬೀಗದ ಕೈ ಮೇಷ್ಟರೊಬ್ಬರ ಸೊಂಟದಲ್ಲಿ. ಗಾಜಿಗೆ ಮೂಗು ಒತ್ತಿ ಹೆಸರುಗಳನ್ನಷ್ಟೇ ಓದಿಕೊಳ್ಳುತ್ತಿದ್ದೆವು. ಇನ್‌ಸ್ಪೆಕ್ಟರು ತಪಾಸಣೆಗೆ ಬರುವ ಹಿಂದಿನ ದಿನ ಬೀರು ತೆರೆದು ಧೂಳು ಹೊಡೆಸುತ್ತಿದ್ದರು. ಆ ಕೆಲಸಕ್ಕೆ ಎಲ್ಲರಿಗಿಂತ ಮುಂಚೆ ಕೈ ಎತ್ತುತ್ತಿದ್ದವನು ನಾನು. ಒರೆಸುವ ನೆಪದಲ್ಲಿ ನಾಲ್ಕು ಪುಟ ಓದಬಹುದಲ್ಲ! ಒಮ್ಮೆ ಬೈಸಿಕೊಂಡು ಅರ್ಧಕ್ಕೇ ಬಿಟ್ಟ ಕತೆ ಯಾವುದೆಂದು ಈಗಲೂ ಗೊತ್ತಿಲ್ಲ. ದೋಣಿಯೊಂದು ಸುಳಿಗೆ ಸಿಕ್ಕಿತ್ತು, ಅಷ್ಟೇ ನೆನಪು.

ಆ ಬೀಗ ತೆಗೆಯಬೇಕೆಂದು ಹಟ ಹಿಡಿದವರಲ್ಲಿ ಎಸ್.ಆರ್. ರಂಗನಾಥನ್ ದೊಡ್ಡವರು. ಗಣಿತದ ಮೇಷ್ಟರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಪುಸ್ತಕ ಇರುವುದು ಬಳಸುವುದಕ್ಕೇ ಹೊರತು ಕಾವಲು ಕಾಯುವುದಕ್ಕಲ್ಲ ಎಂಬುದನ್ನೇ ಮೊದಲ ಸೂತ್ರ ಮಾಡಿಕೊಂಡು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕಟ್ಟಿಕೊಟ್ಟರು. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದರು, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. ನೀವಿವತ್ತು ಕಪಾಟಿಗೆ ನೇರವಾಗಿ ಕೈ ಹಾಕುತ್ತೀರಲ್ಲ, ಅದರ ಹಿಂದೆ ಇಂಥವರ ಜಗಳವಿದೆ.

ಇನ್ನು ಪುಸ್ತಕದ ಬೆನ್ನಿನ ಕೆಳಗೆ ಅಂಟಿಸಿರುವ ಚೀಟಿ. ಅದು ಗುಮಾಸ್ತರ ಲೆಕ್ಕಕ್ಕೆಂದು ಎಲ್ಲರೂ ತಿಳಿದಿರುತ್ತಾರೆ. ಅಲ್ಲ, ಅದು ವಿಳಾಸ. ಡ್ಯೂಯಿ ಎಂಬ ಅಮೆರಿಕದವನು 1876ರಲ್ಲಿ ಹೊರತಂದ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ವಿಳಾಸ 894.814. ಹಕ್ಕಿಗಳದು 598. ಅದರ ಪಕ್ಕದ ಮನೆ 597, ಅಲ್ಲಿ ಮೀನು, ಹಾವು, ಹಲ್ಲಿ. ಇದನ್ನು ಯಾಕೆ ಹೇಳುತ್ತೇನೆಂದರೆ, ಕೆಲವು ವರ್ಷದ ಹಿಂದೆ ನಮ್ಮ ಬಳಗದಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ತೇಜಸ್ವಿಯವರ 'ಕರ್ವಾಲೊ' ಒಯ್ದಿದ್ದ. ತೆಳು ಪುಸ್ತಕ ಅನ್ನುವ ಒಂದೇ ಕಾರಣಕ್ಕೆ ಒಯ್ದದ್ದು, ಅದನ್ನು ಮುಚ್ಚಿಡಲೂ ಇಲ್ಲ. ಎರಡನೇ ದಿನ ಬೆಳಿಗ್ಗೆ ನಾನು ಕಿಟಕಿ ತೆಗೆಯುವ ಮುಂಚೆಯೇ ಬಂದು ನಿಂತಿದ್ದ. "ಸಾರ್, ಹಾರೋ ಓತಿ ನಿಜವಾಗ್ಲೂ ಇದೆಯಾ?"

ಉತ್ತರ ಹೇಳಲಿಲ್ಲ. 597 ಎಂದು ಚೀಟಿಯಲ್ಲಿ ಬರೆದು ಕೊಟ್ಟೆ. ಹೋದ, ಮೂಲೆಯ ಕಪಾಟಿನ ಕೆಳಗಿನ ಅರೆಯ ಮುಂದೆ ನೆಲದ ಮೇಲೆ ಚಕ್ಕಂಬಟ್ಟೆ ಹಾಕಿ ಕೂತ. ಅರ್ಧ ಗಂಟೆಯಲ್ಲಿ ಚಿತ್ರವೊಂದನ್ನು ಹಿಡಿದುಕೊಂಡು ಬಂದ. ಪಶ್ಚಿಮ ಘಟ್ಟದಲ್ಲಿ ಹಾರುವ ಓತಿ ನಿಜವಾಗಿಯೂ ಇದೆ. ಪಕ್ಕೆಲುಬುಗಳನ್ನು ಅಗಲಿಸಿ ಅದರ ಮೇಲಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುತ್ತದೆ. ಕಾದಂಬರಿಯ ಓತಿಯೇ ಬೇರೆ, ಈ ಓತಿಯೇ ಬೇರೆ ಎಂದು ಅವನೇ ವಾದಿಸಿದ. ವಾರದೊಳಗೆ ಹಕ್ಕಿಗಳ ಕಪಾಟಿಗೂ ಹೋದ. ಪಕ್ಕದ ಮನೆ ತಾನೇ.

ಬೇಕೆಂದ ಪುಸ್ತಕ ಸಿಗದಿದ್ದಾಗ ಅದರ ಎಡಬಲದಲ್ಲಿ ಇರುವುದನ್ನು ಬಿಚ್ಚಿ ನೋಡಿ. ನನ್ನ ಮಟ್ಟಿಗೆ ಒಳ್ಳೆಯ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಸಿಕ್ಕಿದ್ದು ಹಾಗೇ.

ಆರಿಸುವುದೆಂದರೆ ಬಿಡುವುದೂ ಹೌದು. ಮೂವತ್ತು ಪುಟ ಓದಿಯೂ ಮನಸ್ಸು ಕೂರದಿದ್ದರೆ ತಂದುಕೊಟ್ಟುಬಿಡಿ, ನಿಮಗೂ ಪುಸ್ತಕಕ್ಕೂ ಅವಮಾನವಿಲ್ಲ. ಹುಡುಗಿಯೊಬ್ಬಳು 'ಮಲೆಗಳಲ್ಲಿ ಮದುಮಗಳು' ಒಯ್ದು ನಾಲ್ಕನೇ ದಿನ ತಲೆ ತಗ್ಗಿಸಿಕೊಂಡು ಬಂದು ಮೇಜಿನ ಮೇಲಿಟ್ಟಳು, ಫೇಲಾದ ಮಾರ್ಕ್ಸ್ ಕಾರ್ಡ್ ಇಟ್ಟ ಹಾಗೆ. ಎಷ್ಟು ಪುಟವಾಯಿತು ಎಂದೆ. ನಲವತ್ತು. ಸರಿ, ಅಷ್ಟು ಗುಡ್ಡ ಹತ್ತಿದೆಯಲ್ಲ, ಉಳಿದದ್ದು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಬೀchi ಪುಸ್ತಕವೊಂದನ್ನು ಕೈಗಿಟ್ಟೆ. ಪಿಯುಸಿ ಸೇರಿದ ಮೇಲೆ ಅದೇ ಹುಡುಗಿ ಅದೇ ಪುಸ್ತಕ ಕೇಳಿಕೊಂಡು ಬಂದಳು. ಈ ಸಲ ಒಂದು ಉಪಾಯ ಮಾಡಿದ್ದಳು: ಗುತ್ತಿ, ಐತ, ಪೀಂಚಲು, ಚಿನ್ನಮ್ಮ ಎಂದು ಬಂದವರ ಹೆಸರೆಲ್ಲ ಹಾಳೆಯೊಂದರಲ್ಲಿ ಬರೆದು, ಯಾರು ಯಾರ ಮನೆಯವರೆಂದು ಗೆರೆ ಎಳೆದುಕೊಂಡು ಓದಿದಳು. ಆ ಹಾಳೆ ಪುಸ್ತಕದೊಳಗೇ ಉಳಿದುಹೋಗಿತ್ತು. ನಾನೂ ತೆಗೆಯಲಿಲ್ಲ, ಮುಂದಿನವರಿಗೆ ಅನುಕೂಲವಾಗಲಿ ಎಂದು.

ಎಲ್ಲ ಟಿಪ್ಪಣಿಯೂ ಇಂಥ ಉಪಕಾರ ಮಾಡುವುದಿಲ್ಲ ಅನ್ನಿ. ಪತ್ತೇದಾರಿ ಕಾದಂಬರಿ ಒಯ್ಯುವಾಗ ಮೊದಲ ಪುಟವನ್ನು ಕಣ್ಣು ಮುಚ್ಚಿ ಮಗುಚಿ. ಕೊಲೆಗಾರ ಯಾರೆಂದು ಪೆನ್ನಿನಲ್ಲಿ ಬರೆದಿಟ್ಟ ಪುಣ್ಯಾತ್ಮರು ಪ್ರತಿ ಊರಿನಲ್ಲೂ ಇದ್ದಾರೆ.

"ಅಂಕಲ್, ಕನ್ನಡ ಓದೋಕೆ ಸ್ಲೋ ಆಗುತ್ತೆ" ಎನ್ನುವ ಮಕ್ಕಳು ಈಗ ಹೆಚ್ಚು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಒತ್ತಕ್ಷರ ಬಂದಲ್ಲೆಲ್ಲ ಕಣ್ಣು ಎಡವುತ್ತದೆ, ಅದು ಸಹಜ. ನಾಚಿಕೊಂಡು ದೂರ ಇರಬೇಡಿ. ಹ್ಯಾರಿ ಪಾಟರ್ ಬೇಕಾದರೆ ಅದನ್ನೂ ಒಯ್ಯಿರಿ, ಜೊತೆಗೆ ಕನ್ನಡದ ಒಂದು ಸಣ್ಣ ಪುಸ್ತಕವಿರಲಿ. ಮೊದಲ ಹತ್ತು ಪುಟ ಗಟ್ಟಿಯಾಗಿ ಓದಿ, ಮನೆಯಲ್ಲಿ ಅಜ್ಜಿ ಇದ್ದರೆ ಅವರೆದುರಿಗೇ ಓದಿ. ಕಣ್ಣಿಗೆ ತೊಡಕಾದ ಮಾತು ಕಿವಿಗೆ ಪರಿಚಿತವಾಗಿರುತ್ತದೆ, ಯಾಕೆಂದರೆ ನೀವು ದಿನವೂ ಆಡುವ ಮಾತೇ ಅದು. ಗೊರೂರರ 'ಹಳ್ಳಿಯ ಚಿತ್ರಗಳು' ಇದಕ್ಕೆ ಹೇಳಿ ಮಾಡಿಸಿದ್ದು. ಅಜ್ಜಿ ನಡುವೆ ಬಾಯಿ ಹಾಕಿ ತನ್ನೂರಿನ ಕತೆ ಸೇರಿಸುವುದು ಗ್ಯಾರಂಟಿ. ದೂರದ ನಾಡಿನ ಕತೆ ಬೇಕೆನ್ನುವವರು ನಿರಂಜನರ ಸಂಪಾದಕತ್ವದ 'ವಿಶ್ವಕಥಾಕೋಶ' ಕೇಳಿ. 25 ಸಂಪುಟಗಳಿವೆ, ಕ್ರಮವಾಗಿ ಓದಬೇಕಿಲ್ಲ, ಯಾವುದನ್ನಾದರೂ ಎಳೆದುಕೊಳ್ಳಬಹುದು.

ಬಳಗದ ವಿಷಯಕ್ಕೆ ಬರುತ್ತೇನೆ. ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಎಂಬ ಪದ್ಧತಿ ಹಲವು ಕಡೆ ಇದೆ. ನಾನೂ ಎರಡು ವರ್ಷ ಮಾಡಿದೆ, ಕೈ ಸುಟ್ಟುಕೊಂಡೆ. ಇಬ್ಬರು ಅಣ್ಣತಮ್ಮಂದಿರು ಇಪ್ಪತ್ತು ದಿನದಲ್ಲಿ ಅರವತ್ತು ಪುಸ್ತಕ ಬರೆಸಿ ಕಪ್ಪು ಗೆದ್ದರು; ಎಲ್ಲವೂ ಹದಿನಾರು ಪುಟದ ಚಿತ್ರಪುಸ್ತಕಗಳು. ತಪ್ಪು ಅವರದಲ್ಲ, ಎಣಿಸಲು ಕೂತ ನನ್ನದು. ಅದಾದ ಮೇಲೆ ನಮ್ಮ ಶನಿವಾರದ ಕೂಟದಲ್ಲಿ ಎಣಿಕೆಯಿಲ್ಲ. ಬಂದವರು ತಾವು ಓದಿದ ಪುಸ್ತಕದಲ್ಲಿ ಎಲ್ಲಿ ನಿಂತೆವು, ಯಾಕೆ ನಿಂತೆವು ಎಂದು ಹೇಳಬೇಕು, ಅಷ್ಟೇ. "ಈ ಪುಸ್ತಕ ತುಂಬಾ ಚೆನ್ನಾಗಿದೆ, ಎಲ್ಲರೂ ಓದಬೇಕು" ಎಂದವರಿಗೆ ಆ ವಾರ ಚುರುಮುರಿಯಲ್ಲಿ ಕಡಲೆಬೀಜ ಕಡಿಮೆ. "ಆ ಅಪ್ಪ ಹಾಗೆ ಮಾಡಬಾರದಿತ್ತು" ಎಂದು ಸಿಟ್ಟಾದವರಿಗೆ ಹೆಚ್ಚು. 'ಚೋಮನ ದುಡಿ'ಯ ಮೇಲೆ ಒಮ್ಮೆ ಎಂಥ ಜಗಳವಾಯಿತೆಂದರೆ, ಒಳಕೋಣೆಯಲ್ಲಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದವರು ಎದ್ದು ಬಂದು ಗದರಿದರು. ಗದರಿದವರಲ್ಲಿ ಒಬ್ಬರು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು ಕೂಡ.

ಪಟ್ಟಣದಲ್ಲಿ ಇರುವವರಿಗೆ ಮಾತ್ರ ಈ ಭಾಗ್ಯ ಎಂದುಕೊಳ್ಳಬೇಡಿ. ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಿಮ್ಮೂರಿನದು ಮುಚ್ಚಿದ್ದರೆ ಐದಾರು ಜನ ಸೇರಿ ಹೋಗಿ ಪಂಚಾಯಿತಿಯಲ್ಲಿ ಕೇಳಿ. ಮಕ್ಕಳು ಗುಂಪಾಗಿ ಬಂದು ಬಾಗಿಲು ತೆಗೆಯಿರಿ ಎಂದರೆ ಇಲ್ಲವೆನ್ನುವುದು ಯಾರಿಗೂ ಸುಲಭವಲ್ಲ.

ಕೇಳಲು ಸಂಕೋಚವಾದರೆ, ಮನೆಯಲ್ಲಿ ಕಂದಾಯ ಕಟ್ಟಿದ ರಸೀದಿ ಹುಡುಕಿ ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂಬ ಒಂದು ಸಾಲಿರುತ್ತದೆ, ತೆರಿಗೆಯ ಪ್ರತಿ ನೂರು ರೂಪಾಯಿಗೆ ಆರು ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಹಾಕಿಕೊಟ್ಟ ಏರ್ಪಾಡು ಅದು. ಕಪಾಟಿನಲ್ಲಿರುವ ಪುಸ್ತಕಕ್ಕೆ ನಿಮ್ಮ ಮನೆಯವರು ಆಗಲೇ ದುಡ್ಡು ಕೊಟ್ಟಾಗಿದೆ.

ನಮ್ಮ ಶಾಖೆಗೆ ಸೋಮವಾರ ರಜೆ, ಎರಡನೇ ಮಂಗಳವಾರವೂ ರಜೆ. ಉಳಿದ ದಿನ ಬನ್ನಿ. ಬರುವಾಗ ಒಂದು ಕೈಚೀಲ ತನ್ನಿ. ಒಂದೇ ಒಯ್ಯುತ್ತೇನೆಂದು ಬಂದವರು ಒಂದಕ್ಕೇ ನಿಂತದ್ದನ್ನು ನಾನು ನೋಡಿಲ್ಲ.