ಪರದೆಯ ಹಿಂದೆ ಅಡಗಿದ್ದ ಗುಂಡಿ

ಕಳೆದ ತಿಂಗಳು ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಮ್ಮ ತಂಡಕ್ಕೆ ಒಂದು ಸಣ್ಣ ಕೆಲಸ ಸಿಕ್ಕಿತ್ತು. 1.2 ಮೀಟರ್ ಎತ್ತರದಿಂದ ಚೆಂಡು ಬೀಳುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಬೇಕಿತ್ತು. ನಮ್ಮ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್‌ಗಳಿದ್ದವು. ಚೆಂಡು ಕೈಬಿಟ್ಟಲ್ಲಿಂದ ನೆಲ ಮುಟ್ಟುವವರೆಗೆ ಫ್ರೇಮ್‌ಗಳನ್ನು ಎಣಿಸಿದರೆ ಬಿದ್ದ ಸಮಯ ಸಿಗುತ್ತದೆ. 15 ಫ್ರೇಮ್ ಎಂದರೆ ಅರ್ಧ ಸೆಕೆಂಡು. ಎತ್ತರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದರೆ 9.6 ಬರುತ್ತದೆ. ಆದರೆ ಒಂದೇ ಒಂದು ಫ್ರೇಮ್ ತಪ್ಪಿ 14 ಎಂದು ಎಣಿಸಿದರೆ ಉತ್ತರ 11 ದಾಟುತ್ತದೆ!

ದೊಡ್ಡ ಪರದೆಯಲ್ಲಿ ಎಲ್ಲರಿಗೂ ತೋರಿಸಲು ಉಪನ್ಯಾಸಕರು ನನ್ನನ್ನು ಕರೆದರು. ಅಲ್ಲಿನ ಕಂಪ್ಯೂಟರ್‌ನಲ್ಲಿ ಓಪನ್ ಸೋರ್ಸ್ ವಿಡಿಯೊ ಪ್ಲೇಯರ್ ಒಂದಿತ್ತು. ಚಾಲನೆ, ನಿಲುಗಡೆ, ಧ್ವನಿ ಎಲ್ಲ ಕಾಣಿಸಿದವು. ಫ್ರೇಮ್ ಫ್ರೇಮಾಗಿ ಮುಂದೆ ಹೋಗುವ ಗುಂಡಿ ಮಾತ್ರ ಎಲ್ಲೂ ಇಲ್ಲ. ಸ್ಪೇಸ್ ಕೀಲಿಯನ್ನು ಒತ್ತಿ ಒತ್ತಿ ನಿಲ್ಲಿಸಲು ನೋಡಿದೆ. ಚೆಂಡು ಪ್ರತಿ ಸಲವೂ ನನಗಿಂತ ಮೊದಲೇ ನೆಲ ಸೇರಿತು. "ಕಂಪ್ಯೂಟರ್ ಸೈನ್ಸ್ ಓದುವವನಿಗೆ ಇಷ್ಟೂ ಬರೋದಿಲ್ವಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ಗಂಟೆ ಬಾರಿಸಿತು, ಲೆಕ್ಕ ಅರ್ಧಕ್ಕೇ ನಿಂತಿತು.

ಆ ರಾತ್ರಿ ಮನೆಯಲ್ಲಿ ಎರಡು ಪ್ಲೇಯರ್‌ಗಳನ್ನು ಕೂತು ಪರೀಕ್ಷಿಸಿದೆ. ಮೊದಲನೆಯದು ವಿಎಲ್‌ಸಿ. ಪ್ಯಾರಿಸ್‌ನ ಎಕೋಲ್ ಸಾಂತ್ರಾಲ್ ಎಂಬ ಇಂಜಿನಿಯರಿಂಗ್ ಕಾಲೇಜಿನಲ್ಲಿ 1996ರಲ್ಲಿ ವಿದ್ಯಾರ್ಥಿಗಳು ಆರಂಭಿಸಿದ ಯೋಜನೆ ಅದು. 2001ರಲ್ಲಿ ಅದರ ಮೂಲಸಂಕೇತ ಎಲ್ಲರಿಗೂ ಮುಕ್ತವಾಯಿತು. ಅದರಲ್ಲಿ ನನಗೆ ಬೇಕಿದ್ದ ಗುಂಡಿ ಇದೆ, ಆದರೆ ಅಡಗಿದೆ. ವ್ಯೂ ಮೆನುವಿನಲ್ಲಿ 'ಅಡ್ವಾನ್ಸ್ಡ್ ಕಂಟ್ರೋಲ್ಸ್' ಎಂಬುದಕ್ಕೆ ಗುರುತು ಹಾಕಿದರೆ ಮಾತ್ರ ಕಾಣುತ್ತದೆ. ಕೀಲಿಮಣೆಯಲ್ಲಿ 'ಇ' ಒತ್ತಿದರೂ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಆದರೆ 3ನೇ ಆವೃತ್ತಿಯಲ್ಲಿ ಒಂದು ಫ್ರೇಮ್ ಹಿಂದೆ ಬರುವ ಕೀಲಿಯಿಲ್ಲ. ಕೈ ತಪ್ಪಿ ಒಂದು ಹೆಚ್ಚು ಒತ್ತಿದರೆ ಹಿಂದಕ್ಕೆ ಎಳೆದು ಮತ್ತೆ ಎಣಿಸಬೇಕು.

ಎರಡನೆಯದು ಎಂಪಿವಿ. ಇದರಲ್ಲಿ ಚುಕ್ಕೆ ಕೀಲಿ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಹಿಂದೆ. ನನ್ನ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ! ಆದರೆ ಇದರ ಕಿಟಕಿಯಲ್ಲಿ ಮೆನುಪಟ್ಟಿಯೇ ಇಲ್ಲ. ಯಾವುದಾದರೂ ಆಯ್ಕೆಯನ್ನು ಕಾಯಂ ಆಗಿ ಬದಲಿಸಬೇಕಾದರೆ ಒಂದು ಪಠ್ಯ ಕಡತದಲ್ಲಿ ನಾವೇ ಸಾಲುಗಳನ್ನು ಬರೆಯಬೇಕು. ಗೊತ್ತಿದ್ದವರಿಗೆ ಅರಮನೆ, ಗೊತ್ತಿಲ್ಲದವರಿಗೆ ಬೀಗ ಹಾಕಿದ ಮನೆ.

ಯಾಕೆ ಹೀಗೆ? ಯಾಕೋಬ್ ನೀಲ್ಸನ್ ಎಂಬ ತಜ್ಞರು 1994ರಲ್ಲಿ ಪ್ರಕಟಿಸಿದ ಹತ್ತು ಸೂತ್ರಗಳಲ್ಲಿ ಒಂದು ಇದಕ್ಕೆ ಸರಿಹೊಂದುತ್ತದೆ: ಬಳಕೆದಾರ ನೆನಪಿಟ್ಟುಕೊಂಡು ಮಾಡುವುದಕ್ಕಿಂತ ಕಣ್ಣಿಂದ ನೋಡಿ ಗುರುತಿಸುವಂತಿರಬೇಕು. ಇಂಥ ತಂತ್ರಾಂಶಗಳನ್ನು ಬರೆಯುವವರಲ್ಲಿ ಹಲವರು ಸ್ವಯಂಸೇವಕರು. ಕೀಲಿಗಳೆಲ್ಲ ಅವರಿಗೆ ಬಾಯಿಪಾಠ. ಮೊದಲ ಬಾರಿ ಕೂತವನ ಗೊಂದಲ ಅವರ ಕಣ್ಣಿಗೆ ಬೀಳುವುದು ನಾವು ಹೇಳಿದಾಗ ಮಾತ್ರ.

ಇಲ್ಲಿ ನಾನು ಕಲಿತದ್ದು ಎರಡು. ಒಂದು, ಗುಂಡಿ ಸಿಗಲಿಲ್ಲವೆಂದರೆ ನಾವು ದಡ್ಡರೆಂದಲ್ಲ. ವಿನ್ಯಾಸದಲ್ಲೂ ಕೊರತೆ ಇರಬಹುದು. ಎರಡು, ಓಪನ್ ಸೋರ್ಸ್ ಎಂದರೆ ಪುಕ್ಕಟೆ ಎಂದಷ್ಟೇ ಅಲ್ಲ, ತಿದ್ದಲು ನಮಗೂ ಹಕ್ಕಿದೆ. ಕೋಡ್ ಬರೆಯಲು ಬಾರದಿದ್ದರೂ ದೋಷ ವರದಿ ಕಳಿಸಬಹುದು. "ಚೆನ್ನಾಗಿಲ್ಲ" ಎಂದರೆ ಪ್ರಯೋಜನವಿಲ್ಲ. ಯಾವ ಆವೃತ್ತಿ, ಏನು ಮಾಡಲು ಹೊರಟೆ, ಏನಾಗಬೇಕಿತ್ತು, ಏನಾಯಿತು ಎಂದು ನಾಲ್ಕು ಸಾಲು ಬರೆಯಬೇಕು. ಮೆನುವಿನ ಪದಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೂ ಕೈಜೋಡಿಸಬಹುದು.

ಮುಂದಿನ ವಾರ ಅದೇ ವಿಡಿಯೊವನ್ನು ಮತ್ತೆ ತೋರಿಸಿದೆ. ಈ ಸಲ ಇಡೀ ತರಗತಿ ಗಟ್ಟಿಯಾಗಿ ಎಣಿಸಿತು: ಸರಿಯಾಗಿ 15. ಹೊರಡುವ ಮುನ್ನ ಮೂರು ಕೀಲಿಗಳ ಹೆಸರನ್ನು ಚೀಟಿಯಲ್ಲಿ ಬರೆದು ಆ ಕಂಪ್ಯೂಟರ್ ಪಕ್ಕ ಅಂಟಿಸಿದೆ. ಮುಂದೆ ಅಲ್ಲಿ ಕೂರುವ ತಮ್ಮಂದಿರು, ತಂಗಿಯರು ಯಾರೂ ನನ್ನ ಹಾಗೆ ತಲೆ ತಗ್ಗಿಸುವುದು ಬೇಡ.