ನಾಯಿಗೆ ಸ್ನಾನ: ಯಾವ ಶಾಂಪೂ ಹಾಕಬೇಕು, ಯಾವುದು ಬೇಡ?

(ಸಂಘದ ಮಾಸಿಕ ಸಭೆಗೆ ಪಾಠ)



ನಮ್ಮ ಸಂಘದ ಸಭೆಗಳಲ್ಲಿ ಹಸು, ಆಡು, ಕೋಳಿ ಸಾಕಣೆ ಬಗ್ಗೆ ಎಷ್ಟೋ ಸಲ ಮಾತಾಡಿದ್ದೇವೆ. ಆದರೆ ರಾತ್ರಿಯೆಲ್ಲಾ ಎಚ್ಚರ ಇದ್ದು ಮನೆ, ಕೊಟ್ಟಿಗೆ ಕಾಯುವ ನಾಯಿಯ ಬಗ್ಗೆ ಒಂದು ದಿನವೂ ಮಾತಾಡಿಲ್ಲ. ಈ ಸಲ ಅದರ ಸ್ನಾನದ ವಿಷಯ ತೆಗೆದುಕೊಳ್ಳೋಣ. "ಇದೂ ಒಂದು ಪಾಠವಾ?" ಅಂತ ನಗಬೇಡಿ. ಇದನ್ನು ಬರೆಯಲು ಒಂದು ಕಾರಣ ಇದೆ.

ಒಂದು ಘಟನೆ

ಒಂದು ಸಂಘದ ಸಭೆಗೆ ಹೋದಾಗ ಒಬ್ಬ ಸದಸ್ಯೆ ಬಹಳ ಬೇಸರದಲ್ಲಿ ಕೂತಿದ್ದರು. ಅವರ ಮನೆಯ ಎರಡು ತಿಂಗಳ ನಾಯಿಮರಿಗೆ ಉಣ್ಣಿ ಜಾಸ್ತಿ ಆಗಿತ್ತು. ದನದ ಉಣ್ಣಿಗೆಂದು ತಂದಿಟ್ಟ ಔಷಧಿ ಕೊಟ್ಟಿಗೆಯಲ್ಲಿ ಇತ್ತು. ಅದನ್ನೇ ಸ್ವಲ್ಪ ನೀರಿಗೆ ಹಾಕಿ ಮರಿಗೆ ಸ್ನಾನ ಮಾಡಿಸಿದರು. ಮರಿ ಮೈ ನೆಕ್ಕಿಕೊಂಡಿತು. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು, ಮೈಯೆಲ್ಲಾ ನಡುಕ. ಸಂಜೆಗೆ ಸತ್ತೇಹೋಯಿತು. "ಒಳ್ಳೇದಾಗ್ಲಿ ಅಂತಲೇ ಮಾಡ್ದೆ ಸಿಸ್ಟರ್, ಮಕ್ಕಳು ಎರಡು ದಿನ ಊಟ ಮಾಡ್ಲಿಲ್ಲ" ಅಂದರು. ತಪ್ಪು ಅವರ ಪ್ರೀತಿಯದ್ದಲ್ಲ, ತಿಳುವಳಿಕೆಯ ಕೊರತೆಯದ್ದು. ಆ ಕೊರತೆಯನ್ನು ನಾವು ತುಂಬಿಕೊಳ್ಳಬಹುದು.

ನಾಯಿಯ ಚರ್ಮ ನಮ್ಮ ಚರ್ಮದಂತಲ್ಲ

ನಾಯಿಗೆ ದಪ್ಪ ಕೂದಲು ಇರುವುದರಿಂದ ಚರ್ಮವೂ ದಪ್ಪ ಅಂತ ನಾವು ತಿಳಿದಿದ್ದೇವೆ. ನಿಜ ಹೇಳಬೇಕೆಂದರೆ ಅದರ ಹೊರಚರ್ಮ ನಮ್ಮದಕ್ಕಿಂತ ತೆಳು. ನಮ್ಮ ಚರ್ಮದಲ್ಲಿ ಸ್ವಲ್ಪ ಹುಳಿ ಗುಣ ಇದೆ. ನಾಯಿಯ ಚರ್ಮದಲ್ಲಿ ಹುಳಿ ಕಡಿಮೆ. ಇದನ್ನು ಅಳೆಯುವ ಅಳತೆಗೆ ಪಿ.ಎಚ್. ಅನ್ನುತ್ತಾರೆ. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಮನುಷ್ಯರ ಚರ್ಮ ಸಾಮಾನ್ಯವಾಗಿ 5ರಿಂದ 6ರ ಒಳಗೆ, ನಾಯಿಯದ್ದು ಹೆಚ್ಚಾಗಿ 7ರ ಆಸುಪಾಸು. ನಾವು ಸ್ನಾನಕ್ಕೆ ಬಳಸುವ ಸಾಬೂನು 9–10ರ ತನಕ ಇರುತ್ತದೆ, ಅಂದರೆ ಕ್ಷಾರ ಜಾಸ್ತಿ. ಬಟ್ಟೆ ಸೋಪು ಇನ್ನೂ ಖಾರ. ಇವನ್ನು ಪದೇ ಪದೇ ಹಾಕಿದರೆ ಚರ್ಮದ ಎಣ್ಣೆ ಅಂಶ ತೊಳೆದುಹೋಗಿ ಒಣಗುತ್ತದೆ, ಹೊಟ್ಟು ಏಳುತ್ತದೆ. ನಾಯಿ ಕೆರೆದು ಕೆರೆದು ಗಾಯ ಮಾಡಿಕೊಳ್ಳುತ್ತದೆ. ನಾವು "ಕಜ್ಜಿ ಬಂತು" ಅಂತ ಇನ್ನಷ್ಟು ಸೋಪು ಹಾಕುತ್ತೇವೆ!

ಇವುಗಳನ್ನು ಹಾಕಲೇಬೇಡಿ

1. ಬಟ್ಟೆ ಸೋಪು, ಬಟ್ಟೆ ಪುಡಿ.
2. ಫಿನಾಯಿಲ್, ನೆಲ ಒರೆಸುವ ದ್ರವ. ನಾಯಿ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ.
3. ಸೀಮೆಎಣ್ಣೆ, ಗಾಡಿಯ ಹಳೇ ಎಂಜಿನ್ ಆಯಿಲ್. ಕಜ್ಜಿಗೆ ಇದು ಮದ್ದು ಅಂತ ಹಳ್ಳಿಗಳಲ್ಲಿ ಹೇಳುವವರಿದ್ದಾರೆ. ಇದರಿಂದ ಚರ್ಮ ಸುಡುತ್ತದೆ, ವಿಷವೂ ಏರುತ್ತದೆ.
4. ದನದ ಉಣ್ಣಿ ಔಷಧಿ, ಗಿಡಕ್ಕೆ ಹೊಡೆಯುವ ಔಷಧಿ. ಅಂದಾಜಿನಲ್ಲಿ ಬೆರೆಸಿದರೆ ಪ್ರಾಣಕ್ಕೇ ಅಪಾಯ.

ನಮ್ಮ ತಲೆಗೆ ಹಾಕುವ ಸ್ಯಾಶೆ ಶಾಂಪೂ? ಕೆಸರಲ್ಲಿ ಹೊರಳಿ ಬಂದ ದಿನ, ಬೇರೇನೂ ಇಲ್ಲದಾಗ ಮಕ್ಕಳ ಶಾಂಪೂ ಒಂದು ಸಲ ಹಾಕಿದರೆ ಪರವಾಗಿಲ್ಲ. ರೂಢಿ ಮಾಡಬೇಡಿ.

ಅಂಗಡಿಯಲ್ಲಿ ಆರಿಸುವುದು ಹೇಗೆ?

ಬಾಟಲಿ ಮೇಲಿನ ನಾಯಿಯ ಚಿತ್ರ, ಘಮಘಮ ವಾಸನೆ ನೋಡಿ ಕೊಳ್ಳಬೇಡಿ. ಮೊದಲು "ನನ್ನ ನಾಯಿಗೆ ಏನು ತೊಂದರೆ?" ಅಂತ ಕೇಳಿಕೊಳ್ಳಿ.

ತೊಂದರೆ ಏನೂ ಇಲ್ಲ, ಬರೀ ಕೊಳೆ ಇದೆ ಎಂದಾದರೆ ನಾಯಿಗೆಂದೇ ಮಾಡಿದ ಸಾದಾ ಶಾಂಪೂ ಸಾಕು. ವಾಸನೆ ಕಡಿಮೆ ಇದ್ದಷ್ಟೂ ಒಳ್ಳೆಯದು. ನಮ್ಮ ಊರ ನಾಯಿ, ಮುಧೋಳ ನಾಯಿಗಳಿಗೆ ಕೂದಲು ಗಿಡ್ಡ, ಸ್ವಲ್ಪವೇ ಸಾಕಾಗುತ್ತದೆ. ಒಂದು ಮಗ್ ನೀರಿಗೆ ಬೆರೆಸಿ ಹಾಕಿದರೆ ಮೈಯೆಲ್ಲಾ ಸಮನಾಗಿ ಹರಡುತ್ತದೆ, ಬಾಟಲಿಯೂ ಬೇಗ ಖಾಲಿಯಾಗದು.

ಉಣ್ಣಿ, ಚಿಗಟ ಇದ್ದರೆ ಉಣ್ಣಿ ಶಾಂಪೂ ಸಿಗುತ್ತದೆ. ಇದರಲ್ಲಿ ಕೀಟನಾಶಕ ಇರುತ್ತದೆ. ಎಷ್ಟು ತಿಂಗಳ ಮೇಲಿನ ನಾಯಿಗೆ ಹಾಕಬಹುದು ಅಂತ ಚೀಟಿಯಲ್ಲಿ ಓದಿ. ಎಳೆ ಮರಿಗೆ, ಗಬ್ಬದ ನಾಯಿಗೆ, ಹಾಲೂಡುವ ತಾಯಿಗೆ ವೈದ್ಯರನ್ನು ಕೇಳದೆ ಬೇಡ. ಬೆಕ್ಕಿಗಂತೂ ಹಾಕಲೇಬಾರದು. ನಾಯಿ ಶಾಂಪೂ, ಪುಡಿಗಳಲ್ಲಿ ಇರುವ ಪರ್ಮೆಥ್ರಿನ್ ಎಂಬ ಔಷಧಿ ಬೆಕ್ಕನ್ನು ಕೊಲ್ಲಬಲ್ಲದು.

ಕೂದಲು ಉದುರಿ, ಕಜ್ಜಿ, ಕೀವು, ಕೆಟ್ಟ ವಾಸನೆ ಇದ್ದರೆ ಶಾಂಪೂ ಕೊಳ್ಳುವ ಮೊದಲು ಪಶುವೈದ್ಯರಿಗೆ ತೋರಿಸಿ. ಕಜ್ಜಿ ಹುಳದಿಂದಲೋ, ಬೂಸ್ಟಿನಿಂದಲೋ, ಬ್ಯಾಕ್ಟೀರಿಯಾದಿಂದಲೋ ಎಂದು ನೋಡಿ ಅವರು ಔಷಧಿಯ ಶಾಂಪೂ ಬರೆದುಕೊಡುತ್ತಾರೆ. ಒಂದಕ್ಕೆ ಇನ್ನೊಂದು ಹಾಕಿದರೆ ದುಡ್ಡು ನೀರಿಗೆ ಹೋದಂತೆ. ಕೆಲವು ಕಜ್ಜಿ, ಹುಳುಕಡ್ಡಿ ನಮ್ಮ ಮಕ್ಕಳಿಗೂ ಅಂಟುತ್ತವೆ, ನೆನಪಿರಲಿ.

ಯಾವುದೇ ಬಾಟಲಿ ಕೊಂಡರೂ ತಯಾರಾದ ದಿನ, ಮುಗಿಯುವ ದಿನ ನೋಡಿ. ಓದಲು ಬಾರದ ಸದಸ್ಯೆಯರಿಗೆ ಓದು ಬಲ್ಲವರು ಓದಿ ಹೇಳಿ.

ಸ್ನಾನ ಮಾಡಿಸುವ ಕ್ರಮ

ಬಿಸಿಲಿರುವ ಬೆಳಿಗ್ಗೆ ಆರಿಸಿಕೊಳ್ಳಿ. ಮೊದಲು ಮೈ ಬಾಚಿ, ಸಿಕ್ಕು ಬಿಡಿಸಿ. ನೀರು ಉಗುರುಬೆಚ್ಚಗಿರಲಿ. ಕತ್ತಿನಿಂದ ಬಾಲದ ಕಡೆಗೆ ತೊಳೆಯುತ್ತಾ ಹೋಗಿ. ಕಣ್ಣು, ಕಿವಿ, ಬಾಯಿಗೆ ನೊರೆ ಹೋಗಬಾರದು; ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಔಷಧಿಯ ಶಾಂಪೂ ಆದರೆ ಚೀಟಿಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 5ರಿಂದ 10 ನಿಮಿಷ, ಮೈಮೇಲೆ ಬಿಡಬೇಕು. ಹಾಕಿದ ಕೂಡಲೇ ತೊಳೆದರೆ ಔಷಧಿ ಕೆಲಸ ಮಾಡೋದಿಲ್ಲ. ಆಗ ನಾಯಿ ನೆಕ್ಕದಂತೆ ಹಿಡಿದುಕೊಳ್ಳಿ, ನಿಮ್ಮ ಕೈಗೆ ಗ್ಲೌಸ್ ಹಾಕಿ, ಮಕ್ಕಳನ್ನು ದೂರ ಇಡಿ. ನಂತರ ನೊರೆ ಒಂದಿಷ್ಟೂ ಉಳಿಯದಂತೆ ತೊಳೆಯಿರಿ. ಅರ್ಧಂಬರ್ಧ ತೊಳೆದರೆ ತುರಿಕೆ ತಪ್ಪಿದ್ದಲ್ಲ. ಹಳೇ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಮಳೆಗಾಲದಲ್ಲಿ ಮೈ ಒದ್ದೆ ಉಳಿದರೆ ಬೂಸ್ಟು ಹಿಡಿಯುತ್ತದೆ.

ಆರೋಗ್ಯದ ನಾಯಿಗೆ ತಿಂಗಳಿಗೊಮ್ಮೆ ಸ್ನಾನ ಸಾಕು.

ಉಣ್ಣಿಗೆ ಶಾಂಪೂ ಒಂದೇ ಸಾಲದು

ರಕ್ತ ಕುಡಿದ ಹೆಣ್ಣು ಉಣ್ಣಿ ಕೆಳಗೆ ಬಿದ್ದು ಗೋಡೆ ಬಿರುಕಲ್ಲಿ, ಗೋಣಿಚೀಲದಡಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿ ಮಲಗುವ ಜಾಗ ಗುಡಿಸಿ, ಬಿರುಕು ಮುಚ್ಚಿ, ಗೋಣಿಯನ್ನು ಕುದಿಯುವ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಉಣ್ಣಿಯನ್ನು ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಿಂದ ಹಿಸುಕಬೇಡಿ. ಉಣ್ಣಿಯಿಂದ ನಾಯಿಗೆ ಜ್ವರ ಬರುತ್ತದೆ, ಊಟ ಬಿಡುತ್ತದೆ, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಬರುತ್ತದೆ. ಆಗ ಶಾಂಪೂ ಅಲ್ಲ, ವೈದ್ಯರು ಬೇಕು. ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತೇ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಮೊದಲು ಪತ್ತೆಯಾಯಿತು. ಅದನ್ನು ಹರಡುವುದು ಕಾಡಿನ ಉಣ್ಣಿ. ಮನೆ ನಾಯಿಯ ಸಾಮಾನ್ಯ ಕಂದು ಉಣ್ಣಿ ಬೇರೆ ಜಾತಿ. ಆದರೂ ಕಾಡಿಗೆ ಹೋಗಿಬಂದ ನಾಯಿಯ ಮೈಯನ್ನು ಅದೇ ದಿನ ನೋಡುವುದು ಕ್ಷೇಮ.

ತುರ್ತು ಸೂಚನೆ: ಏನಾದರೂ ಹಾಕಿದ ಮೇಲೆ ಜೊಲ್ಲು, ನಡುಕ, ವಾಂತಿ, ತೂರಾಟ ಕಂಡರೆ ಕೂಡಲೇ ಸಾಕಷ್ಟು ನೀರಿನಿಂದ ಮೈ ತೊಳೆದು, ಬಾಟಲಿ ಸಮೇತ ಪಶು ಆಸ್ಪತ್ರೆಗೆ ಒಯ್ಯಿರಿ. ನೀವೇ ವಾಂತಿ ಮಾಡಿಸಬೇಡಿ.

ಚರ್ಚೆಗೆ

1. ನಮ್ಮ ಮನೆಯಲ್ಲಿ ನಾಯಿಗೆ ಇಷ್ಟು ದಿನ ಏನು ಹಾಕುತ್ತಿದ್ದೆವು?
2. ದನದ ಔಷಧಿ, ಗಿಡದ ಔಷಧಿ ಮನೆಯಲ್ಲಿ ಎಲ್ಲಿ ಇಟ್ಟಿದ್ದೇವೆ? ಮಕ್ಕಳ ಕೈಗೆ ಸಿಗುತ್ತದಾ?
3. ನಾಲ್ಕೈದು ಮನೆಯವರು ಸೇರಿ ಸಾದಾ ಶಾಂಪೂವಿನ ಒಂದು ದೊಡ್ಡ ಬಾಟಲಿ ಕೊಳ್ಳಬಹುದಾ? (ಔಷಧಿಯ ಶಾಂಪೂ ಹೀಗೆ ಹಂಚಿಕೊಳ್ಳಬೇಡಿ.)

ಮುಂದಿನ ಸಭೆಯೊಳಗೆ ಮಾಡುವ ಕೆಲಸ

ಪ್ರತಿಯೊಬ್ಬರೂ ಮನೆಯ ನಾಯಿಯ ಕಿವಿ ಒಳಗೆ, ಬೆರಳ ಸಂದಿ, ಕತ್ತಿನ ಕೆಳಗೆ ಉಣ್ಣಿ ನೋಡಿ ಬನ್ನಿ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಈ ವರ್ಷ ಹಾಕಿಸಿದ್ದೀರಾ ಅಂತಲೂ ನೋಡಿ. ಎಷ್ಟು ಚೆನ್ನಾಗಿ ಸ್ನಾನ ಮಾಡಿಸಿದರೂ ಆ ಚುಚ್ಚುಮದ್ದಿನ ಕೆಲಸ ಯಾವ ಶಾಂಪೂವೂ ಮಾಡುವುದಿಲ್ಲ.

ಬಾಯಿಲ್ಲದ ಜೀವ ತನಗೆ ಉರಿಯುತ್ತಿದೆ ಅಂತ ಹೇಳಲಾರದು. ಅದರ ಪರವಾಗಿ ಬಾಟಲಿಯ ಚೀಟಿಯನ್ನು ನಾವೇ ಓದಬೇಕು.