ಕಂಪನಿ ಹಾರ್ನೇ ಸಾಕು, ತಮ್ಮಾ

ತಮ್ಮಾ, ನಿನ್ನೆ ಸಂಜೆ ಗೊಬ್ಬೂರ ಬಸ್ ನಿಲ್ದಾಣದ ಹತ್ತಿರ ನೀನು ಹಾರ್ನ್ ಹೊಡೆದಾಗ ನಾನು ಅಲ್ಲೇ ಚಹಾದಂಗಡಿಯ ಮುಂದೆ ಕುಂತಿದ್ದೆ. ಕಬ್ಬಿನ ಲಾರಿಯೇ ಮೈಮೇಲೆ ಬಂತೆಂದು ಎದ್ದೆ. ನೋಡಿದರೆ ನೀನು, ಬೈಕಿನ ಮೇಲೆ. ರಸ್ತೆ ದಾಟುತ್ತಿದ್ದ ಮುದುಕಿ ಮುಂದೆ ಹೋಗಲಿಲ್ಲ, ಹಿಂದೆ ಸರಿಯಲಿಲ್ಲ, ನಡುರಸ್ತೆಯಲ್ಲೇ ನಿಂತುಬಿಟ್ಟಳು. ನೀನು ಪಕ್ಕಕ್ಕೆ ಹೊರಳಿಸಿಕೊಂಡು ಹೋದೆ. ಅವಳ ಕೈಯಿಂದ ಚೀಲ ಜಾರಿ ಜೋಳದ ಹಿಟ್ಟು ಡಾಂಬರಿನ ಮೇಲೆ ಚೆಲ್ಲಿತು. ಅದು ನಿನಗೆ ಕಾಣಲಿಲ್ಲ.

ಆ ಹಾರ್ನ್ ಯಾಕೆ ಹಾಕಿಸಿದ್ದೀ ಎಂದು ನನಗೂ ಗೊತ್ತು. ಕಲಬುರಗಿ–ಅಫಜಲಪುರ ರಸ್ತೆಯಲ್ಲಿ ಸುಗ್ಗಿ ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಟೇಪು ಹಚ್ಚಿಕೊಂಡು ಹೊರಡುತ್ತವೆ, ಹಿಂದಿನವನ ಕೂಗು ಅವರ ಕಿವಿಗೆ ಬೀಳುವುದಿಲ್ಲ. ಆ ತೊಂದರೆ ನಿಜ. ಆದರೆ ನಿನ್ನ ಸದ್ದು ಆ ಡ್ರೈವರನಿಗೆ ಮುಟ್ಟುವ ಮೊದಲು ದಾರಿಯುದ್ದಕ್ಕೂ ಇರುವ ಎಲ್ಲರ ಎದೆಗೆ ಬಡಿಯುತ್ತದೆ.

ನಾನು ಇಪ್ಪತ್ತರ ಹುಡುಗನಿದ್ದಾಗ ತೊಗರಿ ಹೇರಿಕೊಂಡು ಬಂಡಿ ಹೊಡೆಯುತ್ತಿದ್ದೆ. ಹಿಂದಿನಿಂದ ಬಂದ ಲಾರಿಯವನೊಬ್ಬ ಪ್ರೆಶರ್ ಹಾರ್ನ್ ಒತ್ತಿದ. ಎತ್ತುಗಳು ಬೆದರಿ ತಗ್ಗಿಗೆ ಓಡಿದವು. ಬಲಗಡೆಯ ಎತ್ತಿನ ಕಾಲು ಮುರಿಯಿತು. ಅದು ಮತ್ತೆ ನೊಗಕ್ಕೆ ಹೆಗಲು ಕೊಡಲಿಲ್ಲ. ಲಾರಿಯವನಿಗೂ ದಾರಿ ಸಿಗಲಿಲ್ಲ. ತಗ್ಗಿನ ಅಂಚಿಗೆ ಅಡ್ಡಬಿದ್ದ ಬಂಡಿಯ ಮುಂದೆ ಅವನೂ ನಿಲ್ಲಬೇಕಾಯಿತು. ಮನುಷ್ಯನ ಮೈಯೂ ಹಾಗೆಯೇ. ದೊಡ್ಡ ಸದ್ದು ಹತ್ತಿರದಲ್ಲಿ ಸಿಡಿದರೆ ಮೊದಲು ಮೈ ಮುದುಡುತ್ತದೆ, ಯಾವ ಕಡೆಯಿಂದ ಬಂತೆಂಬುದು ಆಮೇಲೆ. 60 ಕಿಲೋಮೀಟರ್ ವೇಗದಲ್ಲಿ ನಿನ್ನ ಬೈಕು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಮುಂದೆ ಬರುತ್ತದೆ. ಆ ಒಂದು ಸೆಕೆಂಡನ್ನೇ ನೀನು ಆ ಮುದುಕಿಯಿಂದ ಕಸಿದುಕೊಂಡೆ.

ಲಾರಿಗಳಲ್ಲಿ ಪ್ರೆಶರ್ ಹಾರ್ನಿಗೆ ಗಾಳಿ ಟ್ಯಾಂಕಿನಿಂದ ಬರುತ್ತದೆ; ಬ್ರೇಕಿಗೂ ಗಾಳಿ ಅಲ್ಲಿಂದಲೇ. ನಿನ್ನ ಬೈಕಿನಲ್ಲಿ ಅದಕ್ಕೆ ಪುಟ್ಟ ಕಂಪ್ರೆಸರ್ ಕೂರಿಸಿದ್ದಾರೆ. ಅದು ಒಂದು ಗುಕ್ಕಿಗೆ ಎಳೆಯುವ ಕರೆಂಟು ಕಂಪನಿ ಹಾರ್ನಿನದಕ್ಕಿಂತ ಹಲವು ಪಟ್ಟು. ರಿಲೇ ಹಾಕದೆ ಹಳೇ ವೈರಿಗೇ ಜೋಡಿಸಿದರೆ ಸ್ವಿಚ್ಚು ಕಾಯುತ್ತದೆ, ಫ್ಯೂಸು ಹೋಗುತ್ತದೆ. ಫ್ಯೂಸನ್ನೂ ತೆಗೆದು ತಂತಿ ಸುತ್ತಿದ್ದರೆ ವೈರಿಂಗೇ ಸುಡಬಹುದು. ನಿನ್ನ ಹೆಡ್‌ಲೈಟು ಹಾರ್ನ್ ಒತ್ತಿದಾಗಲೆಲ್ಲ ಮಂಕಾಗುವುದನ್ನು ನೋಡಿದ್ದೇನೆ.

ಕಾನೂನು ಮೊದಲಿನಿಂದಲೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮ ಬಗೆಬಗೆಯ ಸ್ವರ ತೆಗೆಯುವ, ಕರ್ಕಶವಾದ, ಬೆಚ್ಚಿಬೀಳಿಸುವ ಹಾರ್ನನ್ನು ನಿಷೇಧಿಸಿದೆ. ಕಂಪನಿ ಹಾರ್ನಿಗೂ ಮಿತಿಯುಂಟು: 7 ಮೀಟರ್ ದೂರದಲ್ಲಿ ಅಳೆದರೆ 112 ಡೆಸಿಬೆಲ್ ದಾಟಬಾರದು. ಅದೇನು ಕಡಿಮೆ ಸದ್ದಲ್ಲ. ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಜನವಸತಿಯಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಆಪತ್ತಿಲ್ಲದೆ ಹಾರ್ನ್ ಮುಟ್ಟುವಂತಿಲ್ಲ.

ದಂಡಕ್ಕಿಂತ ನನಗೆ ನಿನ್ನ ಕಿವಿಯದೇ ಚಿಂತೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ತಾಸು ತಾಳಬಹುದು ಎನ್ನುತ್ತಾರೆ. 3 ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧಕ್ಕಿಳಿಯುತ್ತದೆ. 100ಕ್ಕೆ ಕಾಲು ತಾಸು, 115ಕ್ಕೆ ಅರ್ಧ ನಿಮಿಷವೂ ಇಲ್ಲ. ಒಳಗಿವಿಯ ಸೂಕ್ಷ್ಮ ಕೂದಲಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆ ಹಾರ್ನಿಗೆ ಎಲ್ಲರಿಗಿಂತ ಹತ್ತಿರ ದಿನಾ ಕೂರುವವನು ನೀನೇ.

ಬರುವ ಹುಣ್ಣಿಮೆಗೆ ದೇವಲ ಗಾಣಗಾಪುರಕ್ಕೆ ಹೋಗುವ ಜನ ಇದೇ ರಸ್ತೆಯಲ್ಲಿ ನಡೆದು ಬರುತ್ತಾರೆ. ಹೆಗಲ ಮೇಲೆ ಕೂಸುಗಳಿರುತ್ತವೆ. ಅದಕ್ಕೂ ಮೊದಲು ಒಂದು ದಿನ ಬಾ, ಮೆಕ್ಯಾನಿಕ್ ಹತ್ತಿರ ಇಬ್ಬರೂ ಹೋಗೋಣ. ಹಳೇ ಹಾರ್ನ್ ಮನೆಯಲ್ಲಿದ್ದರೆ ತಾ, ಇಲ್ಲದಿದ್ದರೆ ಹೊಸದರ ರೊಕ್ಕ ನಾನು ಕೊಡುತ್ತೇನೆ. ಬರುವಾಗ ಒಂದು ಸೇರು ಜೋಳದ ಹಿಟ್ಟು ಹಿಡಿದುಕೊಂಡು ಬಾ, ಆ ಮುದುಕಿಯ ಮನೆ ನಾನು ತೋರಿಸುತ್ತೇನೆ.